ಫುರ್ಕಾ ಘಾಟಿಯಲ್ಲಿ ಎರಡನೇ ಗೇರು

ಆಗುಂಬೆ ಘಾಟಿಯಲ್ಲಿ ಡ್ರೈವಿಂಗ್ ಕಲಿತವರಿಗೆ ಒಂದು ಸಣ್ಣ ಅಹಂಕಾರ ಇರುತ್ತದೆ. ಮಳೆಗಾಲದ ಮಂಜಿನಲ್ಲಿ, ಎದುರಿಗೆ ಬರುವ ಮಿನಿ ಬಸ್ಸಿಗೆ ಜಾಗ ಬಿಟ್ಟುಕೊಡುತ್ತಾ ಹದಿನಾಲ್ಕು ಹೇರ್‌ಪಿನ್ ತಿರುವು ಇಳಿದವರನ್ನು ಪ್ರಪಂಚದ ಇನ್ಯಾವ ರಸ್ತೆ ಹೆದರಿಸೀತು ಎಂಬ ಭಾವ. ತೀರ್ಥಹಳ್ಳಿಯವನಾದ ನನಗೂ ಅದು ಇತ್ತು, ಈಗಲೂ ಸ್ವಲ್ಪ ಇದೆ. ಆದರೆ ಸ್ವಿಟ್ಜರ್ಲೆಂಡಿನ ಫುರ್ಕಾ ಪಾಸ್ ಬೇರೆಯೇ ಲೆಕ್ಕ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದ್ದರೆ ಫುರ್ಕಾದ ನೆತ್ತಿ 2429 ಮೀಟರ್. ಮೂರು ಆಗುಂಬೆಯನ್ನು ಒಂದರ ಮೇಲೊಂದು ಇಟ್ಟು, ಅದರ ಮೇಲೆ ಹತ್ತಿ ನಿಂತು ಕೈ ಚಾಚಿದರೂ ಸಿಗುವುದಿಲ್ಲ.

2023ರ ಆಗಸ್ಟ್‌ನಲ್ಲಿ ಎರಡು ವಾರದ ಮಟ್ಟಿಗೆ ಜ್ಯೂರಿಕ್‌ಗೆ ಹೋಗಿದ್ದೆ. ಅಲ್ಲಿ ಕೆಲಸದಲ್ಲಿರುವ ಶಿರಸಿಯ ಗೆಳೆಯ, ಅವನ ಜೊತೆ ಓದಿದ ಹಾಸನದ ಹುಡುಗಿ ಮತ್ತು ನಾನು, ಮೂವರು ಸೇರಿ ಒಂದು ಬಾಡಿಗೆ ಕಾರು ಹಿಡಿದೆವು. ನಮ್ಮ ಭಾರತದ ಲೈಸೆನ್ಸ್ ಅಲ್ಲಿ ಒಂದು ವರ್ಷದವರೆಗೆ ನಡೆಯುತ್ತದೆ. ಕಾಗದಪತ್ರದ ಕಷ್ಟ ಇಲ್ಲ. ಕಷ್ಟ ಇರುವುದು ಕೈಗೆ. ಸ್ಟಿಯರಿಂಗ್ ಎಡಕ್ಕೆ, ಗೇರು ಬಲಗೈಗೆ, ಓಡಿಸಬೇಕಾದದ್ದು ರಸ್ತೆಯ ಬಲಕ್ಕೆ. ಮೊದಲ ಅರ್ಧ ಗಂಟೆ ಗೇರು ಬದಲಿಸಬೇಕೆಂದಾಗಲೆಲ್ಲ ನನ್ನ ಎಡಗೈ ಹೋಗಿ ಬಾಗಿಲಿಗೆ ಬಡಿಯುತ್ತಿತ್ತು. ಶಿರಸಿಯವನು, ‘ಬಾಗಿಲು ತೆಗೆದು ಇಳಿಯೋದಾದ್ರೆ ಹೇಳು ಮಾರಾಯಾ, ನಿಲ್ಲಿಸಿ ಇಳಿ’ ಎನ್ನುತ್ತಿದ್ದ.

ಜ್ಯೂರಿಕ್‌ನಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಹೋದರೆ ಗೋಶೆನೆನ್ ಎಂಬ ಊರಿನಲ್ಲಿ ವಾಹನಗಳು ಎರಡು ಪಾಲಾಗುತ್ತವೆ. ಹೆಚ್ಚಿನವು ಗೊಟ್ಹಾರ್ಡ್ ಸುರಂಗಕ್ಕೆ ನುಗ್ಗಿ ಹದಿನೇಳು ಕಿಲೋಮೀಟರ್ ಕತ್ತಲಲ್ಲಿ ಸಾಗಿ ಇಟಲಿಯ ಕಡೆ ಹೊರಬೀಳುತ್ತವೆ. ಘಾಟಿ ಹತ್ತುವ ನಮ್ಮಂಥವರು ಅಲ್ಲೇ ಹೊರಕ್ಕೆ ತಿರುಗಬೇಕು. ಆ ಊರಿನ ಪಕ್ಕದಲ್ಲಿ ಒಂದು ದೊಡ್ಡ ಬಂಡೆ ಇದೆ, ಸೈತಾನನ ಕಲ್ಲು. ಮೇಲಿನ ಕಮರಿಗೆ ಸೇತುವೆ ಕಟ್ಟಲಾಗದ ಜನ ಸೈತಾನನ ಹತ್ತಿರ ಕಟ್ಟಿಸಿಕೊಂಡರಂತೆ. ಮೊದಲು ದಾಟುವ ಜೀವ ತನಗೆ ಎಂದು ಅವನ ಷರತ್ತು. ಇವರು ಬುದ್ಧಿವಂತರು, ಒಂದು ಹೋತವನ್ನು ಓಡಿಸಿಬಿಟ್ಟರು. ಸಿಟ್ಟಿಗೆದ್ದ ಸೈತಾನ ಸೇತುವೆ ಒಡೆಯಲು ಹೊತ್ತು ತಂದು, ಒಡೆಯಲಾಗದೆ ಬಿಟ್ಟುಹೋದ ಬಂಡೆ ಇದು. ಕಥೆ ನಮ್ಮ ಯಾವ ಊರಿನಲ್ಲಿ ಬೇಕಾದರೂ ಹುಟ್ಟಬಹುದಿತ್ತು. ನನಗೆ ಹಿಡಿಸಿದ್ದು ಮುಂದಿನ ಭಾಗ: 1970ರ ದಶಕದಲ್ಲಿ ಹೆದ್ದಾರಿಗೆ ಬಂಡೆ ಅಡ್ಡ ಬಂತು. ಸಿಡಿಮದ್ದು ಇಡುವುದು ಸುಲಭವಿತ್ತು. ಅವರು 220 ಟನ್ ತೂಕದ ಕಲ್ಲನ್ನು ಇಡಿಯಾಗಿ 127 ಮೀಟರ್ ದೂರಕ್ಕೆ ಸರಿಸಿದರು. ರಸ್ತೆ ಅಗಲೀಕರಣದ ಊರಿನಿಂದ ಬಂದವರು ನಾವು, ಕಾರು ನಿಧಾನ ಮಾಡಿ ಅದನ್ನು ನೋಡಿದೆವು.

ಆಂಡರ್‌ಮಾಟ್ ದಾಟಿದ ಮೇಲೆ ಮರಗಳಿಲ್ಲದ ಹಸಿರು ಕಣಿವೆ. ಗಂಟೆ ಕಟ್ಟಿದ ಹಸುಗಳು, ಪಕ್ಕದಲ್ಲಿ ತೊರೆ, ಕಣಿವೆಯ ತುದಿಯಲ್ಲಿ ರಿಯಾಲ್ಪ್ ಎಂಬ ಪುಟ್ಟ ಊರು. ಇಲ್ಲಿ ಮತ್ತೊಂದು ಆಯ್ಕೆ ಇದೆ: ಕಾರನ್ನು ರೈಲಿಗೆ ಹತ್ತಿಸಿ, ಸೀಟಿನಲ್ಲಿ ಕೂತಂತೆಯೇ ಸುರಂಗದ ಮೂಲಕ ಆಚೆ ಇಳಿಯಬಹುದು. 1982ರಲ್ಲಿ ತೆರೆದ ಈ ರೈಲು ಸುರಂಗ ಹದಿನೈದು ಕಿಲೋಮೀಟರಿಗಿಂತ ಉದ್ದ. ಚಳಿಗಾಲವಿಡೀ ಘಾಟಿ ರಸ್ತೆ ಹಿಮದಡಿ ಮುಚ್ಚಿಹೋಗುವುದರಿಂದ ಆಗ ಇದೇ ಗತಿ. ರಸ್ತೆ ತೆರೆದಿರುವುದು ಹೆಚ್ಚುಕಡಿಮೆ ಜೂನ್‌ನಿಂದ ಅಕ್ಟೋಬರ್‌ವರೆಗೆ.

ರಿಯಾಲ್ಪ್ ಬಿಟ್ಟ ಕೂಡಲೇ ತಿರುವುಗಳು ಶುರು. ನೆತ್ತಿ ಮುಟ್ಟುವಷ್ಟರಲ್ಲಿ ಸುಮಾರು 900 ಮೀಟರ್ ಏರಬೇಕು. 1860ರ ದಶಕದಲ್ಲಿ ಸೈನ್ಯದ ಅಗತ್ಯಕ್ಕೆಂದು ಕಡಿದ ದಾರಿ ಇದು. ಕುದುರೆಗಾಡಿಗಳು ಹತ್ತಲಿ ಎಂದು ಏರು ಒಂದೇ ಸಮನಾಗಿದೆ, ಅಗಲ ಮಾತ್ರ ಕುದುರೆಗಾಡಿಗೆ ಸಾಕಾಗುವಷ್ಟೇ ಎನ್ನಿಸುವ ಜಾಗಗಳು ಇನ್ನೂ ಉಳಿದಿವೆ. ಕೆಲವು ಕಡೆ ಕಬ್ಬಿಣದ ತಡೆಬೇಲಿ ಇಲ್ಲ. ಅಂಚಿನಲ್ಲಿ ಮೊಣಕಾಲೆತ್ತರದ ಕಲ್ಲುಗಳು, ಅವುಗಳ ನಡುವೆ ಒಂದು ಕಾರು ಆರಾಮವಾಗಿ ಹೋಗುವಷ್ಟು ಸಂದು, ಆಚೆ ಗಾಳಿ. ಹತ್ತುವಾಗ ನಮ್ಮದು ಬೆಟ್ಟದ ಮಗ್ಗುಲು, ಬಚಾವು. ಇಳಿದು ಬರುವವರ ಮುಖ ನೋಡಿದರೆ ಅಂಚಿನ ಕಡೆ ಯಾರಿದ್ದಾರೆ ಎಂದು ಗೊತ್ತಾಗುತ್ತಿತ್ತು.

ಹಾರ್ನ್ ಇಲ್ಲದೆ ಘಾಟಿ ಓಡಿಸುವುದು ನಮಗೆ ಹೊಸದು. ನಮ್ಮಲ್ಲಿ ಪ್ರತಿ ತಿರುವಿಗೂ ಒಂದು ‘ಪೋಂ’ ಕಡ್ಡಾಯ, ಅದು ಅಸಭ್ಯತೆಯಲ್ಲ, ಜೀವ ಉಳಿಸುವ ಭಾಷೆ. ಇಲ್ಲಿ ಹೆಚ್ಚಿನವರು ಸದ್ದೇ ಮಾಡುವುದಿಲ್ಲ. ತಿರುವಿಗೆ ಮುಂಚೆ ವೇಗ ಇಳಿಸುತ್ತಾರೆ, ತಮ್ಮ ಗೆರೆಯೊಳಗೇ ಇರುತ್ತಾರೆ, ಎದುರಿನವರೂ ಹಾಗೇ ಇರುತ್ತಾರೆಂದು ನಂಬುತ್ತಾರೆ. ಆ ನಂಬಿಕೆ ಬರಲು ನನಗೆ ಎಂಟು ತಿರುವು ಬೇಕಾಯಿತು. ದಾರಿ ಇಕ್ಕಟ್ಟಾಗಿ ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಬೇಕಾದರೆ ಸರಿಯಬೇಕಾದವರು ಇಳಿಯುವವರು ಎಂದು ಅಲ್ಲಿನ ಕಾನೂನು. ಏರುವವರಿಗೆ ಮರ್ಯಾದೆ. ನಮ್ಮ ಹಳೆಯ ಲಾರಿ ಡ್ರೈವರುಗಳು ಯಾವ ಪುಸ್ತಕ ಓದದೆ ಪಾಲಿಸುತ್ತಿದ್ದ ನಿಯಮವೇ ಇದು.

ಎಲ್ಲರಿಗಿಂತ ದೊಡ್ಡ ಮರ್ಯಾದೆ ಹಳದಿ ಬಸ್ಸಿಗೆ. ಅಂಚೆ ಇಲಾಖೆಯ ಕುದುರೆಗಾಡಿಗಳ ವಂಶದ ಬಸ್ಸುಗಳಿವು, ಈಗಲೂ ಹೆಸರು ಪೋಸ್ಟ್ ಬಸ್. ಘಾಟಿ ರಸ್ತೆಯ ಆರಂಭದಲ್ಲಿ ನೀಲಿ ಫಲಕದ ಮೇಲೆ ಹಳದಿ ಕಹಳೆಯ ಚಿತ್ರ ಕಂಡರೆ, ಇಲ್ಲಿ ಬಸ್ ಚಾಲಕ ಹೇಳಿದಂತೆ ಕೇಳಬೇಕು ಎಂದು ಅರ್ಥ. ಅವನು ‘ಹಿಂದೆ ಹೋಗು’ ಎಂದರೆ ಹೋಗಬೇಕು. ಕುರುಡು ತಿರುವಿನಲ್ಲಿ ಹಾರ್ನ್ ಹೊಡೆಯುವವನು ಅವನೊಬ್ಬನೇ. ಅದೂ ಎಂಥ ಹಾರ್ನ್! ರೊಸ್ಸಿನಿ ಎಂಬ ಸಂಗೀತಗಾರನ ‘ವಿಲಿಯಂ ಟೆಲ್’ ಸಂಗೀತ ನಾಟಕದಿಂದ ಎತ್ತಿಕೊಂಡ ಮೂರು ಸ್ವರ. ಬೆಟ್ಟದ ಆಚೆಯಿಂದ ಅದು ತೇಲಿ ಬಂದರೆ, ಬೈಕಿನವರೂ ಸೈಕಲ್ಲಿನವರೂ ನಮ್ಮಂಥ ಬಾಡಿಗೆ ಕಾರಿನವರೂ ಪಕ್ಕಕ್ಕೆ ಅಂಟಿಕೊಳ್ಳುತ್ತೇವೆ.

ಸೈಕಲ್ಲಿನವರ ಬಗ್ಗೆ ಒಂದು ಮಾತು. ನನ್ನ ಅಪ್ಪನಿಗಿಂತ ದೊಡ್ಡ ವಯಸ್ಸಿನವರು ಬೆವರು ಸುರಿಸುತ್ತಾ ತುಳಿಯುತ್ತಿದ್ದರು. ಅವರನ್ನು ದಾಟುವಾಗ ಎರಡನೇ ಗೇರಿನಲ್ಲಿ ಹಿಂದೆ ಹಿಂದೆಯೇ ಹೋಗಿ, ಎದುರು ರಸ್ತೆ ಖಾಲಿಯಾದ ಮೇಲೆ ದೂರ ಬಿಟ್ಟು ಮುಂದೆ ಹೋಗಬೇಕು. ಒಬ್ಬ ಅಜ್ಜನನ್ನು ನಾವು ಮೂರು ಸಲ ದಾಟಿದೆವು. ಪ್ರತಿ ಸಲ ಫೋಟೊ ತೆಗೆಯಲು ನಿಂತಾಗ ಅವರು ನಮ್ಮನ್ನು ದಾಟುತ್ತಿದ್ದರು.

ನಿಲ್ಲದೆ ವಿಧಿಯಿಲ್ಲ. ಯಾಕೆಂದರೆ ಓಡಿಸುವವನಿಗೆ ಏನೂ ಕಾಣುವುದಿಲ್ಲ. ವೀಡಿಯೊಗಳಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ಹಿಂದಿನ ಸೀಟಿನಿಂದ ‘ಅಯ್ಯೋ ನೋಡೋ, ನೋಡೋ’ ಎಂಬ ಉದ್ಗಾರ ಬರುತ್ತಿರುತ್ತದೆ. ನಾನು ನೋಡುತ್ತಿದ್ದದ್ದು ಮುಂದಿನ ಇಪ್ಪತ್ತು ಮೀಟರ್ ಡಾಂಬರು ಮತ್ತು ಬಿಳಿ ಗೆರೆ. ಸ್ಟಿಯರಿಂಗ್ ಹಿಡಿದವನ ಪಾಲಿಗೆ ಆಲ್ಪ್ಸ್ ಎಂದರೆ ಗೆರೆಯ ಒಳಗಿನ ರಸ್ತೆ. ಹಾಗಾಗಿ ನಿಲ್ಲಲು ಜಾಗ ಕಂಡಲ್ಲೆಲ್ಲ ನಿಂತೆವು.

ಹಾಗೆ ನಿಂತಾಗಲೇ ಕೆಳಗೆ ರೈಲು ಹಳಿ ಕಂಡದ್ದು. ಸುರಂಗ ಬರುವ ಮುಂಚಿನ ಹಳೆಯ ದಾರಿ ಅದು. ಒಂದು ತೊರೆಯ ಮೇಲಿನ ಸೇತುವೆಯನ್ನು ಹಿಮಪಾತ ಕೊಚ್ಚಿಕೊಂಡು ಹೋಗಬಾರದೆಂದು ಪ್ರತಿ ಚಳಿಗಾಲಕ್ಕೆ ಮುಂಚೆ ಮಡಚಿಡುತ್ತಾರೆ, ಬೇಸಿಗೆಗೆ ಬಿಚ್ಚುತ್ತಾರೆ. ಕೊಡೆಯ ಹಾಗೆ! ಸುರಂಗ ಬಂದ ಮೇಲೆ ಕಿತ್ತು ಹಾಕಬೇಕಿದ್ದ ಈ ಮಾರ್ಗವನ್ನು ಸ್ವಯಂಸೇವಕರು ಸೇರಿ ಉಳಿಸಿಕೊಂಡರು. ಇಲ್ಲಿನ ಉಗಿ ಎಂಜಿನ್‌ಗಳಲ್ಲಿ ಕೆಲವನ್ನು 1940ರ ದಶಕದಲ್ಲಿ ವಿಯೆಟ್ನಾಮಿಗೆ ಮಾರಿಬಿಟ್ಟಿದ್ದರು. 1990ರಲ್ಲಿ ಅಲ್ಲಿಗೆ ಹೋಗಿ, ತುಕ್ಕು ಹಿಡಿದು ನಿಂತಿದ್ದವನ್ನು ಹಡಗಿನಲ್ಲಿ ವಾಪಸ್ ತಂದು, ರಿಪೇರಿ ಮಾಡಿ ಓಡಿಸುತ್ತಿದ್ದಾರೆ.

ಈ ರಸ್ತೆಗೆ ಬಂದ ಹಳೆಯ ಅತಿಥಿಗಳಲ್ಲಿ ವಿಕ್ಟೋರಿಯಾ ರಾಣಿಯೂ ಇದ್ದಾಳೆ. ನಮ್ಮನ್ನು ಆಳಲು ಶುರು ಮಾಡಿ ಹತ್ತು ವರ್ಷಕ್ಕೆ, 1868ರಲ್ಲಿ, ಇಲ್ಲಿ ಬಂದು ತಂಗಿದ್ದಳು. ಆದರೆ ಇಂದಿನ ಜನ ಬರುವುದು 1964ರ ‘ಗೋಲ್ಡ್‌ಫಿಂಗರ್’ ಸಿನಿಮಾದಿಂದಾಗಿ. ಜೇಮ್ಸ್ ಬಾಂಡ್ ತನ್ನ ಆಸ್ಟನ್ ಮಾರ್ಟಿನ್‌ನಲ್ಲಿ ಇದೇ ತಿರುವುಗಳಲ್ಲಿ ಓಡಿದ್ದ. ನಮ್ಮ ಮುಂದೆಯೇ ಇಬ್ಬರು ಹಳೆಯ ಕಾರಿನಲ್ಲಿ ಬಂದು, ಕನ್ನಡಕ ಹಾಕಿಕೊಂಡು, ಬಾನೆಟ್ ಮೇಲೆ ಒರಗಿ ಫೋಟೊ ತೆಗೆಸಿಕೊಂಡರು. ನಮ್ಮದು ಬೂದು ಬಣ್ಣದ ಹ್ಯಾಚ್‌ಬ್ಯಾಕ್. ಆದರೂ ತೆಗೆಸಿಕೊಂಡೆವು.

ನೆತ್ತಿಯಲ್ಲಿ ಇಳಿದಾಗ ಮೂವರೂ ಸ್ವೆಟರ್ ಕೈಯಲ್ಲಿ ಹಿಡಿದು ಪೆಚ್ಚಾಗಿ ನಿಂತೆವು. ಚಳಿಯೇ ಇಲ್ಲ. ತೀರ್ಥಹಳ್ಳಿಯ ಡಿಸೆಂಬರ್ ಮಧ್ಯಾಹ್ನದಷ್ಟು ಹಿತವಾದ ಬಿಸಿಲು. ಆ ವಾರ ಯುರೋಪಿನಲ್ಲಿ ಬಿಸಿಗಾಳಿ. ಸ್ವಿಸ್ ಹವಾಮಾನ ಇಲಾಖೆ ಬಲೂನು ಹಾರಿಸಿ, ಗಾಳಿ ಸೊನ್ನೆ ಡಿಗ್ರಿಗೆ ಇಳಿಯುವ ಎತ್ತರ ಎಷ್ಟು ಎಂದು ಅಳೆಯುತ್ತದೆ. ಆಗಸ್ಟ್ 20ರ ರಾತ್ರಿ ಕಳೆದು 21 ಹುಟ್ಟುವ ಹೊತ್ತಿಗೆ ಅದು 5298 ಮೀಟರ್‌ನಲ್ಲಿತ್ತು. ಅಲ್ಲಿನವರು ಅಳೆಯಲು ಶುರು ಮಾಡಿದ ಮೇಲೆ ಅಷ್ಟು ಮೇಲೆ ಹೋದದ್ದು ಅದೇ ಮೊದಲು. ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮೌಂಟ್ ಬ್ಲಾಂಕ್ ಇರುವುದೇ ಸುಮಾರು 4800 ಮೀಟರ್. ಅಂದರೆ ಆ ರಾತ್ರಿ ಇಡೀ ಆಲ್ಪ್ಸ್‌ನಲ್ಲಿ, ಯಾವ ಶಿಖರದ ತುದಿಯಲ್ಲೂ, ನೀರು ಹೆಪ್ಪುಗಟ್ಟುವಷ್ಟು ಗಾಳಿ ತಣ್ಣಗಿರಲಿಲ್ಲ. ನಾವು ಹೋದದ್ದು ಅದೇ ವಾರ. ಸುದ್ದಿ ಓದಿದ್ದೆವು, ಅರ್ಥವಾದದ್ದು ಸ್ವೆಟರ್ ಕಂಕುಳಲ್ಲಿ ಇಟ್ಟುಕೊಂಡಾಗ.

ಫುರ್ಕಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕವಲುಗೋಲು. ನೀರಿಗೂ ಇದು ಕವಲೇ. ಈ ದಿಬ್ಬದ ಪೂರ್ವಕ್ಕೆ ಬಿದ್ದ ಮಳೆ ರಾಯ್ಸ್ ನದಿ ಸೇರಿ, ರೈನ್ ನದಿಯಾಗಿ ಉತ್ತರ ಸಮುದ್ರಕ್ಕೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ರೋನ್ ನದಿಯಾಗಿ ಜಿನೀವಾ ಸರೋವರ ಹಾಯ್ದು, ಫ್ರಾನ್ಸ್ ದಾಟಿ ಮೆಡಿಟರೇನಿಯನ್ ಸಮುದ್ರಕ್ಕೆ. ಹಾಸನದವಳಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. ಬಿಸಿಲೆಗೆ ಹೋಗುವ ದಾರಿಯ ಮಂಕನಹಳ್ಳಿಯಲ್ಲಿ ಇಂಥದ್ದೇ ಕಲ್ಲು ಇದೆ, ಒಂದು ಕಡೆಯ ನೀರು ಬಂಗಾಳ ಕೊಲ್ಲಿಗೆ, ಇನ್ನೊಂದು ಕಡೆಯದು ಅರಬ್ಬಿ ಸಮುದ್ರಕ್ಕೆ, ‘ಅದಕ್ಕೆ ಇಷ್ಟು ದೂರ ಬರಬೇಕಿತ್ತಾ?’ ಎಂದಳು.

ನಿಜವಾದ ಡ್ರೈವಿಂಗ್ ಇರುವುದು ಇಳಿಯುವಾಗ. ಕೆಳಗಿನ ಗ್ಲೆಚ್ ಎಂಬ ಜಾಗಕ್ಕೆ ನೆತ್ತಿಯಿಂದ 670 ಮೀಟರ್ ಇಳಿತ. ಮೆಕ್ಯಾನಿಕಲ್ ಓದಿದವನಾದ್ದರಿಂದ ಲೆಕ್ಕ ಹಾಕದೆ ಇರಲಾರೆ: ಒಂದೂವರೆ ಟನ್ ತೂಕದ ಕಾರು ಅಷ್ಟು ಇಳಿಯುವಾಗ ಹೊರಬೀಳುವ ಶಕ್ತಿ ಸುಮಾರು ಹತ್ತು ಮೆಗಾಜೂಲ್. ಸುಮಾರು 30 ಲೀಟರ್ ನೀರನ್ನು ಸ್ನಾನದ ಹಂಡೆಯಲ್ಲಿ ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಆ ಶಾಖವೆಲ್ಲ ಹೋಗುವುದು ಚಕ್ರದ ಬಳಿಯ ನಾಲ್ಕು ತಟ್ಟೆಗಳಿಗೆ. ಅವು ಕಾದು, ಒತ್ತಿದರೂ ಹಿಡಿಯದ ಸ್ಥಿತಿ ಬರಬಹುದು. ಅದಕ್ಕೇ ಎರಡನೇ ಗೇರು. ಎಂಜಿನ್ ಗುರ್‍ರೆನ್ನುತ್ತಾ ತಾನೇ ಕಾರನ್ನು ಹಿಡಿದುಕೊಳ್ಳುತ್ತದೆ. ಬ್ರೇಕ್ ಒತ್ತಬೇಕಾದದ್ದು ತಿರುವಿಗೆ ಮುಂಚೆ, ಗಟ್ಟಿಯಾಗಿ ಒಮ್ಮೆ, ಆಮೇಲೆ ಬಿಡಬೇಕು. ಆಗುಂಬೆಯಲ್ಲಿ ನನ್ನ ಮಾವ ‘ಹತ್ತಿದ ಗೇರಲ್ಲೇ ಇಳಿ’ ಎಂದು ತಲೆಗೆ ಮೊಟಕಿ ಕಲಿಸಿದ್ದು ಆಲ್ಪ್ಸ್‌ನಲ್ಲೂ ಅಷ್ಟೇ ನಿಜ. ನಮ್ಮ ಮುಂದಿನ ದೊಡ್ಡ ಗಾಡಿಯೊಂದರಿಂದ ಸುಟ್ಟ ವಾಸನೆ ಬರುತ್ತಿತ್ತು. ಅವರ ಬ್ರೇಕ್ ದೀಪ ಒಮ್ಮೆಯೂ ಆರಲಿಲ್ಲ.

ಇಳಿಯುತ್ತಾ ಒಂದು ತಿರುವಿನಲ್ಲಿ ಬೆಲ್ವೆಡೇರ್ ಹೋಟೆಲ್ ಎದುರಾಗುತ್ತದೆ. ನೀವು ಇದರ ಫೋಟೊ ಖಂಡಿತ ನೋಡಿದ್ದೀರಿ. ರಸ್ತೆ ಹೇರ್‌ಪಿನ್ ಆಗಿ ಬಳಸಿಕೊಂಡು ಹೋಗುವ ಮೊನೆಯಲ್ಲಿ ಒಂಟಿಯಾಗಿ ನಿಂತ ನಾಲ್ಕಾರು ಅಂತಸ್ತಿನ ಕಟ್ಟಡ. 1882ರಲ್ಲಿ ಅದನ್ನು ಅಲ್ಲಿ ಕಟ್ಟಿದ್ದಕ್ಕೆ ಕಾರಣ ತಿರುವಲ್ಲ, ಪಕ್ಕದಲ್ಲೇ ಇದ್ದ ರೋನ್ ಹಿಮನದಿ. ಅತಿಥಿಗಳು ಕಿಟಕಿ ತೆರೆದರೆ ಎದುರಿಗೆ ಮಂಜುಗಡ್ಡೆಯ ಗೋಡೆ. ಈಗ ಹೋಟೆಲಿಗೆ ಬಾಗಿಲು ಹಾಕಿ ವರ್ಷಗಳಾಗಿವೆ. ಕಿಟಕಿಗಳೆಲ್ಲ ಮುಚ್ಚಿವೆ. ಜನ ಮಾತ್ರ ಮುಗಿಬೀಳುತ್ತಾರೆ, ಹೋಟೆಲಿನ ಫೋಟೊಗೆ. ಹಿಮನದಿ ಎಲ್ಲಿ ಎಂದು ಕೇಳುವವರು ಕಡಿಮೆ, ಯಾಕೆಂದರೆ ಆ ತಿರುವಿನ ಫೋಟೊದಲ್ಲಿ ಈಗ ಅದು ಬರುವುದೇ ಇಲ್ಲ.

ಅಂಗಡಿಯ ಮೂಲಕ ಟಿಕೆಟ್ ಕೊಂಡು ಒಳಗೆ ಹೋದರೆ ಕಾಲುದಾರಿ. ನಡೆಯುವುದು ಹಿಮನದಿ ನುಣ್ಣಗೆ ಉಜ್ಜಿ ಬಿಟ್ಟುಹೋದ ಬಂಡೆಯ ಮೇಲೆ. ಆನೆಯ ಬೆನ್ನಿನ ಹಾಗೆ ಬೂದು, ಬೋಳು, ಅಲ್ಲಲ್ಲಿ ಗೀರು. ಸ್ವಲ್ಪ ದೂರ ಹೋದ ಮೇಲೆ ಮೊದಲು ಕಂಡದ್ದು ಬಟ್ಟೆ. ಮಂಜುಗಡ್ಡೆಯ ಅಂಚಿಗೆ ದೊಡ್ಡ ದೊಡ್ಡ ಬಿಳಿ ಹೊದಿಕೆ ಹೊದಿಸಿದ್ದಾರೆ. ಬಿಸಿಲು ವಾಪಸ್ ಹೋಗಲಿ, ಕರಗುವುದು ನಿಧಾನವಾಗಲಿ ಎಂದು. ಹಲವು ಕಡೆ ಹರಿದು, ಮಣ್ಣಾಗಿ, ಜೋತುಬಿದ್ದಿದ್ದವು. ಅಡಿಕೆ ಒಣಗಿಸುವ ಅಂಗಳದಲ್ಲಿ ಅಕಾಲದ ಮಳೆಗೆ ಟಾರ್ಪಾಲು ಎಳೆದು ಮುಚ್ಚುತ್ತೇವಲ್ಲ, ಅದೇ ಗಡಿಬಿಡಿ, ಅದೇ ತೇಪೆ. ನಮ್ಮದು ಮಳೆಗೆ, ಇವರದು ಬಿಸಿಲಿಗೆ.

ಹೊದಿಕೆಯ ಕೆಳಗೆ ಗುಹೆ. 1870ರ ದಶಕದಿಂದ ಇಲ್ಲಿ ಪ್ರತಿ ವರ್ಷ ಮಂಜುಗಡ್ಡೆಯನ್ನು ಕೊರೆದು ಹೊಸ ಗುಹೆ ಮಾಡುತ್ತಾರೆ. ಹಿಮನದಿ ಹೆಸರಿಗೆ ತಕ್ಕಂತೆ ನದಿಯೇ, ಹರಿಯುತ್ತಿರುತ್ತದೆ, ಹಳೆಯ ಗುಹೆ ಸೊಟ್ಟಗಾಗಿ ಮುಂದೆ ಸಾಗಿಬಿಡುತ್ತದೆ. ಒಳಗೆ ಹಲಗೆಯ ಮೇಲೆ ನಡೆಯಬೇಕು. ಗೋಡೆಯ ಬಣ್ಣ ಹೇಳುವುದು ಕಷ್ಟ. ಫ್ರಿಜ್ಜಿನ ಮಂಜುಗಡ್ಡೆಯ ಬಿಳಿಯಲ್ಲ, ಇಂಕಿನ ಬಾಟಲಿ ತೊಳೆದ ನೀರಿನ ನೀಲಿ. ಒತ್ತಿ ಒತ್ತಿ ಗಟ್ಟಿಯಾದ ಮಂಜು ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನು ಮಾತ್ರ ಬಿಡುವುದರಿಂದ ಹಾಗೆ. ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಕಾಣುತ್ತಿದ್ದವು. ಎಂದೋ ಬಿದ್ದ ಹಿಮದ ಜೊತೆ ಸೆರೆಯಾದ ಗಾಳಿ. ನಾನು ಕೈಯಿಟ್ಟೆ. ಅಂಗೈ ಒದ್ದೆಯಾಯಿತು. ಮೇಲಿನಿಂದ ತೊಟ ತೊಟ ಹನಿ. ಎಲ್ಲರ ತಲೆ, ಭುಜ ಒದ್ದೆ. ಮಕ್ಕಳಿಗೆ ಅದೇ ಮೋಜು, ನಾಲಿಗೆ ಚಾಚಿ ಹನಿ ಹಿಡಿಯುತ್ತಿದ್ದರು. ಹೊರಗೆ ಬಂದರೆ ಹಿಮನದಿಯ ಪಾದದಲ್ಲಿ ಹಾಲು ಕಲಸಿದಂಥ ಕೆರೆ. ಮಂಜುಗಡ್ಡೆ ಹಿಂದೆ ಸರಿದ ಹಳ್ಳದಲ್ಲಿ ತುಂಬಿಕೊಂಡ ಹೊಸ ನೀರು.

ಸ್ವಿಸ್ ಹಿಮನದಿಗಳು 2022ರಲ್ಲಿ ತಮ್ಮ ಗಾತ್ರದ ಶೇ 6ರಷ್ಟನ್ನು ಕಳೆದುಕೊಂಡವು. ನಾವು ಹೋದ 2023ರಲ್ಲಿ ಶೇ 4. ಎರಡೇ ವರ್ಷದಲ್ಲಿ ಹತ್ತರಲ್ಲಿ ಒಂದು ಪಾಲು. 1960ರಿಂದ 1990ರವರೆಗೆ, ಮೂವತ್ತು ವರ್ಷದಲ್ಲಿ ಕರಗಿದಷ್ಟು.

ಕಾರಿಗೆ ವಾಪಸ್ ಬಂದು ಚುರುಮುರಿ ಬಿಚ್ಚಿದಾಗ ಜಗಳ ಶುರುವಾಯಿತು. ಹಾಸನದವಳು ಲೆಕ್ಕ ತೆಗೆದಳು: ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್. ಇವತ್ತಿನ ಮುನ್ನೂರು ಕಿಲೋಮೀಟರಿಗೆ ಇಪ್ಪತ್ತು ಲೀಟರ್ ಹಿಡಿ. ‘ಕರಗೋದನ್ನ ನೋಡಕ್ಕೆ ಕರಗಿಸ್ತಾ ಬಂದ್ವಿ’ ಎಂದಳು. ಶಿರಸಿಯವನು, ನಾವು ಮೂರು ಜನ ಬರದಿದ್ದರೆ ಹಿಮನದಿ ಉಳಿಯುತ್ತಿತ್ತಾ ಎಂದ. ಅವಳು ನನ್ನ ಕಡೆ ತಿರುಗಿ, ಬೆಂಗಳೂರಿನಿಂದ ಬಂದ ವಿಮಾನದ ಲೆಕ್ಕದ ಮುಂದೆ ಈ ಕಾರು ಚಿಲ್ಲರೆ ಎಂದಳು. ನನಗೆ ತಲೆಯಲ್ಲಿ ಇನ್ನೊಂದು ಲೆಕ್ಕ ಓಡುತ್ತಿತ್ತು. 30 ಲೀಟರ್ ನೀರು ಕಾಯಿಸುವ ಆ ಹತ್ತು ಮೆಗಾಜೂಲ್‌ನಲ್ಲಿ ಮೂವತ್ತು ಕಿಲೋ ಮಂಜುಗಡ್ಡೆ ಕರಗಿಸಬಹುದು. ಹೇಳಲಿಲ್ಲ. ಬಸ್ಸಿನಲ್ಲಿ ಬರಬಹುದಿತ್ತಲ್ಲ ಎಂದು ಅವಳು ಕೇಳಿದ್ದಕ್ಕೂ ಇಬ್ಬರಲ್ಲೂ ಉತ್ತರ ಇರಲಿಲ್ಲ. ಬೇಸಿಗೆಯಲ್ಲಿ ಹಳದಿ ಬಸ್ಸು ಈ ಘಾಟಿಯನ್ನೂ ಪಕ್ಕದ ಗ್ರಿಮ್ಸೆಲ್ ಘಾಟಿಯನ್ನೂ ಹತ್ತುತ್ತದೆ. ದೊಡ್ಡ ಕಿಟಕಿ, ಎತ್ತರದ ಸೀಟು, ದಾರಿ ಗೊತ್ತಿರುವ ಡ್ರೈವರು. ನೋಡುವುದೇ ಮುಖ್ಯವಾದರೆ ಅದೇ ಸರಿ, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎರಡನೇ ಗೇರಿನಲ್ಲಿ ಎಂಜಿನ್ ಹಿಡಿದುಕೊಂಡಾಗ, ತಿರುವಿನಿಂದ ಹೊರಗೆ ಬರುತ್ತಾ ಸ್ಟಿಯರಿಂಗ್ ತಾನಾಗಿ ನೇರವಾಗುವಾಗ ಕೈಗೆ ಸಿಗುವ ಖುಷಿ ಬಸ್ಸಿನಲ್ಲಿ ಸಿಗುವುದಿಲ್ಲ. ಅದೂ ಸುಳ್ಳಲ್ಲ. ಜಗಳ ಚುರುಮುರಿಯ ಜೊತೆ ಮುಗಿಯಿತು, ತೀರ್ಮಾನವಾಗಲಿಲ್ಲ.

ಗ್ಲೆಚ್‌ನಲ್ಲಿ ಒಂದು ಹಳೆಯ ದೊಡ್ಡ ಹೋಟೆಲ್, ಒಂದು ಪುಟ್ಟ ರೈಲು ನಿಲ್ದಾಣ, ಅಷ್ಟೇ. 19ನೇ ಶತಮಾನದ ಮಧ್ಯದಲ್ಲಿ ಹಿಮನದಿ ಈ ಕಣಿವೆಯ ತಳದವರೆಗೆ ಇಳಿದು, ಆನೆಯ ಪಾದದಂತೆ ಹರಡಿಕೊಂಡಿತ್ತು. ಹಾಸನದವಳು ಮೇಲಿನ ಅಂಗಡಿಯಲ್ಲಿ ಕೊಂಡ ಹಳೆಯ ಚಿತ್ರದ ಪೋಸ್ಟ್‌ಕಾರ್ಡ್‌ನಲ್ಲಿ ಅದು ಹಾಗೇ ಇತ್ತು. ಈಗ ಅಲ್ಲಿ ಹುಲ್ಲು, ಜಲ್ಲಿಕಲ್ಲು, ಎಳೆಯ ರೋನ್ ನದಿ.

ಗ್ಲೆಚ್‌ನಿಂದ ಗ್ರಿಮ್ಸೆಲ್ ಘಾಟಿ ಹತ್ತಲು ಶಿರಸಿಯವನು ಸ್ಟಿಯರಿಂಗ್ ಹಿಡಿದ. ಬೆಳಗ್ಗೆಯಿಂದ ಮೊದಲ ಬಾರಿಗೆ ನನಗೆ ಕಿಟಕಿ ಸಿಕ್ಕಿತು. ನಾಲ್ಕೈದು ತಿರುವು ಏರಿದ ಮೇಲೆ, ಎದುರು ಬೆಟ್ಟದಲ್ಲಿ ನಾವು ಇಳಿದು ಬಂದ ರಸ್ತೆ ಇಡಿಯಾಗಿ ಕಂಡಿತು. ಗೋಡೆಗೆ ಬಿಟ್ಟ ದಾರದ ಹಾಗೆ ಅಂಕುಡೊಂಕು, ಮೇಲೆ ಬೆಂಕಿಪೊಟ್ಟಣದಷ್ಟು ಬೆಲ್ವೆಡೇರ್, ಅದರ ಪಕ್ಕದಲ್ಲಿ ಬೋಳು ಬಂಡೆ. ಹಿಂದಿನ ಸೀಟಿನವಳು ಪೋಸ್ಟ್‌ಕಾರ್ಡನ್ನು ಕಿಟಕಿ ಗಾಜಿಗೆ ಹಿಡಿದು, ಹೋಟೆಲಿಗೆ ಹೋಟೆಲು ಕೂಡುವ ಹಾಗೆ ಸರಿಹೊಂದಿಸುತ್ತಿದ್ದಳು. ಕಾರ್ಡಿನಲ್ಲಿ ಬಿಳಿ ಇದ್ದ ಕಡೆ ಆಚೆ ಎಲ್ಲ ಬೂದು. ‘ಸ್ವಲ್ಪ ನಿಲ್ಲಿಸೋ, ಅಲುಗಾಡ್ತಿದೆ’ ಎಂದಳು. ಅಷ್ಟರಲ್ಲಿ ಮೇಲಿನ ತಿರುವಿನಿಂದ ಮೂರು ಸ್ವರ ಕೇಳಿಸಿತು. ಶಿರಸಿಯವನು ಕಾರನ್ನು ಬಲಕ್ಕೆ, ಬೆಟ್ಟಕ್ಕೆ ಅಂಟಿಸಿ ನಿಲ್ಲಿಸಿದ. ಹಳದಿ ಬಸ್ಸು ನಿಧಾನಕ್ಕೆ ಪಕ್ಕದಲ್ಲಿ ಇಳಿದುಹೋಯಿತು, ಕಿಟಕಿಯ ಪಕ್ಕ ಕೂತವರೆಲ್ಲ ಆ ಕಡೆಯೇ ನೋಡುತ್ತಿದ್ದರು.